9 ಸಾವಿರದ ‘ಸಿಬಿಲ್ ರಿಪೇರಿ’, 25 ಸಾವಿರದ ಎಫ್‌ಡಿ ಕಾರ್ಡ್: ಎರಡನ್ನೂ ಬಳಸಿದವನ ರಿವ್ಯೂ

ಇದು ಎರಡು ಸೇವೆಗಳ ರಿವ್ಯೂ. ಒಂದು, ‘ನಿಮ್ಮ ಸಿಬಿಲ್ ಸ್ಕೋರ್ ಸರಿಮಾಡಿಕೊಡುತ್ತೇವೆ’ ಅನ್ನುವ ಏಜೆನ್ಸಿ. (ಸಿಬಿಲ್ ಅಂದರೆ ನಾವು ಸಾಲ ಹೇಗೆ ಕಟ್ಟಿದೆವು ಅನ್ನುವ ಲೆಕ್ಕ ಇಡುವ ಕಂಪನಿ, ಆ ಲೆಕ್ಕ ನೋಡಿ ಅದು ಕೊಡುವ ಅಂಕವೇ ಸ್ಕೋರು.) ಇನ್ನೊಂದು, ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟು ಅದರ ಮೇಲೆ ತೆಗೆದುಕೊಳ್ಳುವ ಕ್ರೆಡಿಟ್ ಕಾರ್ಡ್. ಎರಡಕ್ಕೂ ನನ್ನ ಜೇಬಿನಿಂದಲೇ ದುಡ್ಡು ಹೋಗಿದೆ. ಒಂದರ ದುಡ್ಡು ಬಡ್ಡಿ ಸಮೇತ ಇವತ್ತಿಗೂ ಬ್ಯಾಂಕಿನಲ್ಲಿದೆ. ಇನ್ನೊಂದರದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಯಿತು. ಏಜೆನ್ಸಿಯ ಹೆಸರು ಹಾಕುವುದಿಲ್ಲ, ಬ್ಯಾಂಕಿನದ್ದೂ ಇಲ್ಲ. ಇಂಥ ಕಾರ್ಡು ಹಲವು ಬ್ಯಾಂಕುಗಳಲ್ಲಿ ಸಿಗುತ್ತದೆ, ಇಂಥ ಏಜೆನ್ಸಿಯಂತೂ ಪ್ರತಿ ಊರಿನ ವಾಟ್ಸಾಪ್ ಗ್ರೂಪಿನಲ್ಲೂ ಒಂದಿದೆ.

ನನ್ನದು ತಿಪಟೂರಿನಲ್ಲಿ ಒಂದು ಸಣ್ಣ ಪ್ರಿಂಟಿಂಗ್ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್ಕು, ಆಗಾಗ ಸ್ವಲ್ಪ ಫ್ಲೆಕ್ಸು. ಖಾಲಿ ಕಾರ್ಡುಗಳನ್ನು ಬೆಂಗಳೂರಿನ ಸುಲ್ತಾನ್‌ಪೇಟೆಯಿಂದ ತರುತ್ತೇನೆ, ಇಲ್ಲಿ ಅಕ್ಷರ ಹಾಕಿಕೊಡುತ್ತೇನೆ. 2019ರಲ್ಲಿ ಹೊಸ ಪ್ರಿಂಟರಿಗೆ ಅಂತ 3 ಲಕ್ಷ ಪರ್ಸನಲ್ ಲೋನ್ ತೆಗೆದಿದ್ದೆ. ಒಂದು ಕ್ರೆಡಿಟ್ ಕಾರ್ಡೂ ಇತ್ತು. ಕಂತು ತಪ್ಪಿದ್ದಿಲ್ಲ, ಎಲ್ಲ ಸರಿಯಾಗೇ ಇತ್ತು.

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತು. ನಮಗೆ ಅದೇ ಸೀಸನ್. ಮುದ್ರಿಸಿಟ್ಟ ಪತ್ರಿಕೆ ತೆಗೆದುಕೊಂಡು ಹೋಗಲು ಯಾರೂ ಬರಲಿಲ್ಲ. ಅದರಲ್ಲಿ 400 ಪತ್ರಿಕೆಯ ಒಂದು ಕಟ್ಟು ಈಗಲೂ ನಮ್ಮ ಅಂಗಡಿಯ ಅಟ್ಟದ ಮೇಲಿದೆ. ಆ ಮದುಮಕ್ಕಳ ಮಗು ಈಗ ಸ್ಕೂಲಿಗೆ ಹೋಗುತ್ತಿದೆ. ಆಮೇಲೆ ಮದುವೆಗೆ 50 ಜನ ಮಾತ್ರ ಅಂತ ರೂಲ್ಸ್ ಬಂತು. 50 ಜನಕ್ಕೆ ಪತ್ರಿಕೆ ಯಾರು ಹೊಡೆಸುತ್ತಾರೆ? ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದರೆ ಮುಗೀತು.

ಮಾರ್ಚ್‌ನಿಂದ ಆಗಸ್ಟ್‌ವರೆಗೆ ಆರ್‌ಬಿಐ ಕಂತು ಮುಂದೂಡುವ ಅವಕಾಶ ಕೊಟ್ಟಿತ್ತಲ್ಲ, ನಾನೂ ತೆಗೆದುಕೊಂಡೆ. ಕಂತು ನಿಂತರೂ ಬಡ್ಡಿ ನಿಲ್ಲುವುದಿಲ್ಲ ಅನ್ನುವುದು ಆಗ ತಲೆಗೆ ಹೋಗಲಿಲ್ಲ. 2021ರ ಏಪ್ರಿಲ್, ಮೇ ತಿಂಗಳಲ್ಲಿ ಎರಡನೇ ಅಲೆ ಬಂದಾಗ ಇನ್ನೊಂದು ಸೀಸನ್ ಹೋಯಿತು. ಅಷ್ಟರಲ್ಲಿ ಮನೆ ಖರ್ಚು, ಅಮ್ಮನ ಔಷಧಿ, ಪೇಪರಿನವನ ಬಾಕಿ ಎಲ್ಲ ಕ್ರೆಡಿಟ್ ಕಾರ್ಡಿನ ಮೇಲೆ. ಮಿನಿಮಮ್ ಡ್ಯೂ, ಅಂದರೆ ಬಿಲ್ಲಿನಲ್ಲಿ ಕನಿಷ್ಠ ಇಷ್ಟಾದರೂ ಕಟ್ಟಿ ಅನ್ನುವ ಮೊತ್ತ, ಅಷ್ಟು ಮಾತ್ರ ಕಟ್ಟುತ್ತಿದ್ದೆ. ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ. ನಮ್ಮೂರಿನ ಮೀಟರ್ ಬಡ್ಡಿಯವರನ್ನು ಬೈಯುತ್ತಿದ್ದವನು ನಾನು! ಕೊನೆಗೆ ಮಿನಿಮಮ್ ಕೂಡ ಕಟ್ಟಲಾಗಲಿಲ್ಲ. ಆ ಎರಡು ತಿಂಗಳಲ್ಲಿ ದಿಕ್ಕು ತೋಚದೆ ಮೊಬೈಲಿನಲ್ಲಿ ಸಿಕ್ಕಸಿಕ್ಕ ಲೋನ್ ಆ್ಯಪ್‌ಗಳಿಗೆಲ್ಲ ಅರ್ಜಿ ಹಾಕಿದ್ದೆ, ಆರೋ ಏಳೋ. ಒಂದೂ ಪಾಸಾಗಲಿಲ್ಲ. ಪಾಸಾಗದ ಅರ್ಜಿಯೂ ಸಿಬಿಲ್ ರಿಪೋರ್ಟಿನಲ್ಲಿ ಉಳಿಯುತ್ತದೆ ಅಂತ ಆಗ ಯಾರು ಹೇಳಬೇಕು?

ರಿಕವರಿಯವರ ಫೋನಿನ ಬಗ್ಗೆ ಬರೆದರೆ ಅದೇ ಒಂದು ಪುರಾಣ ಆಗುತ್ತದೆ, ಬಿಡಿ. ಬೆಳಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ಮೇಲೆ ಅವರು ಫೋನ್ ಮಾಡುವ ಹಾಗಿಲ್ಲ ಅಂತ ಆರ್‌ಬಿಐ ನಿಯಮ ಇದೆ. ಅಷ್ಟು ತಿಳಿದಿರಿ ಸಾಕು. ಪರ್ಸನಲ್ ಲೋನನ್ನು ಹೆಂಡತಿಯ ಬಳೆ ಅಡವಿಟ್ಟು ತಡವಾಗಿಯಾದರೂ ಪೂರ್ತಿ ತೀರಿಸಿದೆ. ಕಾರ್ಡಿನದ್ದು 74 ಸಾವಿರ ಆಗಿತ್ತು. 2022ರಲ್ಲಿ ಒಬ್ಬರು ಫೋನ್ ಮಾಡಿ, ‘ಸರ್, 40 ಸಾವಿರ ಕಟ್ಟಿಬಿಡಿ, ಸೆಟಲ್ಮೆಂಟ್ ಲೆಟರ್ ಕೊಡ್ತೀವಿ, ಕತೆ ಮುಗೀತು’ ಅಂದರು. ಸಾಲ ಮಾಡಿ ಕಟ್ಟಿದೆ. ಲೆಟರ್ ಬಂತು. ಆ ರಾತ್ರಿ ಎಷ್ಟೋ ತಿಂಗಳ ಮೇಲೆ ಚೆನ್ನಾಗಿ ನಿದ್ದೆ ಮಾಡಿದ್ದು ಇನ್ನೂ ನೆನಪಿದೆ.

ಕತೆ ಮುಗಿದಿರಲಿಲ್ಲ. 2023ರ ಆಗಸ್ಟ್‌ನಲ್ಲಿ ಹಳೇ ಪ್ರಿಂಟರ್ ಕೈಕೊಟ್ಟಿತು. ಲೋನ್ ಕೇಳಲು ಬ್ಯಾಂಕಿಗೆ ಹೋದೆ. ಅಲ್ಲಿನ ಮೇಡಂ ಪ್ಯಾನ್ ನಂಬರ್ ಹಾಕಿದರು, ಒಂದು ನಿಮಿಷ ಸುಮ್ಮನಿದ್ದರು, ಆಮೇಲೆ ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದರು. 542. ಪಕ್ಕದಲ್ಲಿ ಕೆಂಪು ಬಣ್ಣ. ‘ಸೆಟಲ್ಡ್ ಅಂತ ಇದೆಯಲ್ಲಾ ಸರ್,’ ಅಂದರು, ಅದೇನೋ ಕಾಯಿಲೆ ಹೆಸರು ಹೇಳಿದ ಹಾಗೆ. ಹಿಂದೆ ಕ್ಯೂನಲ್ಲಿ ಕೊಬ್ಬರಿ ಮಂಡಿಯ ಪರಿಚಯದವರೊಬ್ಬರು ನಿಂತಿದ್ದರು. ನನಗೆ ಲೋನ್ ಸಿಗದಿದ್ದಕ್ಕಿಂತ ಅವರ ಕಣ್ಣಿಗೆ ಆ ಪರದೆ ಬಿತ್ತಾ ಅನ್ನುವುದೇ ಚಿಂತೆಯಾಯಿತು.

ಏಜೆನ್ಸಿ ಕೈಗೆ ಸಿಕ್ಕಿದ್ದು ಆ ಹೊತ್ತಿನಲ್ಲಿ.

ಫೋನಿನಲ್ಲಿ ಮಾತಾಡಿದ ಹುಡುಗನ ಮಾತು ಬೆಣ್ಣೆ. ‘90 ದಿನದಲ್ಲಿ 750 ಸರ್, ಗ್ಯಾರಂಟಿ. ಸೆಟಲ್ಡ್ ಅನ್ನೋದನ್ನ ತೆಗೆಸ್ತೀವಿ, ಲೇಟ್ ಪೇಮೆಂಟ್ ಎಲ್ಲ ಡಿಲೀಟ್. ನಮಗೆ ಒಳಗಡೆ ಜನ ಇದ್ದಾರೆ.’ ಫೀಸು 9 ಸಾವಿರ, ಮುಂಗಡ. ರಸೀದಿ ಕೇಳಿದ್ದಕ್ಕೆ ಯುಪಿಐ ಸ್ಕ್ರೀನ್‌ಶಾಟೇ ರಸೀದಿ ಅಂದ. ನಾನು ಬೇರೆಯವರಿಗೆ ಬಿಲ್ ಬುಕ್ಕು ಮುದ್ರಿಸಿ ಕೊಡುವವನು, ಅಷ್ಟೂ ಹೊಳೆಯಲಿಲ್ಲ ನೋಡಿ. ಕಷ್ಟದಲ್ಲಿದ್ದಾಗ ಬುದ್ಧಿ ಹುಲ್ಲು ಮೇಯಲು ಹೋಗಿರುತ್ತದೆ.

ಅವರು ಮಾಡಿದ್ದೇನು? ನನ್ನ ಆಧಾರ್, ಪ್ಯಾನ್ ಪಡೆದರು. ಬಂದ ಓಟಿಪಿಗಳನ್ನೆಲ್ಲ ಕೇಳಿ ತೆಗೆದುಕೊಂಡರು. ನನ್ನ ಹೆಸರಿನಲ್ಲಿ ಲಾಗಿನ್ ಆಗಿ, ನನ್ನ ರಿಪೋರ್ಟಿನಲ್ಲಿದ್ದ ಪ್ರತಿಯೊಂದು ಸಾಲದ ಮೇಲೂ ‘ಇದು ತಪ್ಪು ಮಾಹಿತಿ’ ಅಂತ ಡಿಸ್‌ಪ್ಯೂಟ್ ಹಾಕಿದರು. ನಿಜವಾಗಿ ನಾನೇ ತಡಮಾಡಿದ ಸಾಲದ ಮೇಲೂ. ಒಂದೊಂದಾಗಿ ವಾಪಸ್ ಬಂತು: ಮಾಹಿತಿ ಸರಿಯಾಗೇ ಇದೆ ಅಂತ ಸಾಲ ಕೊಟ್ಟವರು ಹೇಳಿದ್ದಾರೆ, ಬದಲಾವಣೆ ಇಲ್ಲ. ಮೂರು ತಿಂಗಳಾದರೂ ಸ್ಕೋರು ಜಗ್ಗಲಿಲ್ಲ. ಫೋನ್ ಮಾಡಿದರೆ ಆ ಹುಡುಗ ಕೆಲಸ ಬಿಟ್ಟಿದ್ದ. ಇನ್ನೊಬ್ಬ ಬಂದ. ಅವನ ಸಲಹೆ ಇನ್ನೂ ಚೆನ್ನಾಗಿತ್ತು: ‘ನಮ್ಮದೇ ಒಂದು ಆ್ಯಪ್ ಇದೆ ಸರ್, ಅದರಲ್ಲಿ 10 ಸಾವಿರ ಲೋನ್ ತಗೊಂಡು ಕಟ್ಟಿ, ಸ್ಕೋರ್ ಏರತ್ತೆ.’ ಬಾವಿಗೆ ಬಿದ್ದವನಿಗೆ ಇನ್ನೊಂದು ಬಾವಿ ತೋರಿಸಿದ ಹಾಗೆ.

ಈ ಇಡೀ ದಂಧೆಯ ಗುಟ್ಟು ಇಷ್ಟೇ. ಸಿಬಿಲ್ ಆಗಲಿ, ಇನ್ನು ಮೂರು ಕಂಪನಿ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಆಗಲಿ, ನಿಮ್ಮ ಸಾಲದ ವಿವರವನ್ನು ತಾವಾಗೇ ಬದಲಿಸುವುದಿಲ್ಲ. ಬ್ಯಾಂಕು ಕಳಿಸಿದ್ದನ್ನು ಇಟ್ಟುಕೊಳ್ಳುತ್ತಾರೆ, ಬದಲಾಗಬೇಕಾದರೆ ಬ್ಯಾಂಕೇ ಹೌದು ಅನ್ನಬೇಕು. ‘ಒಳಗಡೆ ಜನ’ ಅನ್ನುವುದೆಲ್ಲ ಬುರುಡೆ. ನಿಜವಾಗಿ ತಪ್ಪಿದ್ದರೆ ಡಿಸ್‌ಪ್ಯೂಟ್ ಹಾಕುವುದು ಫ್ರೀ, ನೀವೇ ಹಾಕಬಹುದು, 10 ನಿಮಿಷದ ಕೆಲಸ. ನಿಜವಾಗಿ ನೀವೇ ತಡಮಾಡಿದ್ದರೆ ಅದನ್ನು ಬ್ರಹ್ಮನೂ ಅಳಿಸಲಾರ. ಇವೆರಡರ ಮಧ್ಯೆ 9 ಸಾವಿರಕ್ಕೆ ಯಾವ ಕೆಲಸವೂ ಉಳಿಯುವುದಿಲ್ಲ.

ಏಜೆನ್ಸಿಗೆ ನನ್ನ ಮಾರ್ಕು ಸೊನ್ನೆ. ಒಂದು ಸ್ಟಾರ್ ಕೊಡಲೇಬೇಕು ಅಂದರೆ ಆ ಮೊದಲನೇ ಹುಡುಗನ ಮಾತಿಗೆ ಕೊಡುತ್ತೇನೆ.

ಆಮೇಲೆ ನಾನೇ ಕೂತೆ. ಒಂದು ಭಾನುವಾರ ಮಧ್ಯಾಹ್ನ ಅಂಗಡಿ ಬಾಗಿಲು ಅರ್ಧ ಎಳೆದು, ನಾಲ್ಕು ಕಂಪನಿಗಳ ವೆಬ್‌ಸೈಟಿನಿಂದಲೂ ರಿಪೋರ್ಟ್ ತೆಗೆದೆ. ವರ್ಷಕ್ಕೊಂದು ಸಲ ಪೂರ್ತಿ ರಿಪೋರ್ಟನ್ನು ಪ್ರತಿ ಕಂಪನಿಯೂ ಪುಕ್ಕಟೆ ಕೊಡಬೇಕು ಅಂತ 2017ರಿಂದ ನಿಯಮ ಇದೆ. ದುಡ್ಡಿನ ಪ್ಲಾನ್‌ಗಳೂ ಅಲ್ಲೇ ಇರುತ್ತವೆ, ಬೇಕಾಗಿಲ್ಲ. ನಮ್ಮ ರಿಪೋರ್ಟ್ ನಾವೇ ನೋಡಿಕೊಂಡರೆ ಸ್ಕೋರು ಇಳಿಯುವುದೂ ಇಲ್ಲ. ನಾನು ಅದೇ ಭಯಕ್ಕೆ ಒಂದು ವರ್ಷ ನೋಡಿರಲಿಲ್ಲ, ಸುಮ್ನೆ.

ಪ್ರಿಂಟ್ ಹಾಕಿಕೊಂಡೆ. ನಮ್ಮದೇ ಅಂಗಡಿ, ಅದಕ್ಕೇನು ಬರ. ಪ್ರತಿ ಸಾಲದ ಕೆಳಗೂ ಕ್ಯಾಲೆಂಡರಿನ ಹಾಗೆ ಚೌಕಗಳು. ಪ್ರತಿ ತಿಂಗಳ ಚೌಕದಲ್ಲೂ ಒಂದು ಅಂಕಿ. ಸರಿಯಾಗಿ ಕಟ್ಟಿದ ತಿಂಗಳಿಗೆ 000. ತಡವಾದರೆ ಎಷ್ಟು ದಿನ ತಡ ಅನ್ನುವುದು: 28, 59, 90, 120. ನನ್ನ ಕಾರ್ಡಿನ ಸಾಲಿನಲ್ಲಿ 2021ರ ಅಂಕಿಗಳು ಮೆಟ್ಟಿಲು ಹತ್ತಿದ ಹಾಗೆ ಹತ್ತಿಕೊಂಡು ಹೋಗಿದ್ದವು. ಒಂದೊಂದು ಚೌಕ ನೋಡಿದರೂ ಆ ತಿಂಗಳು ಮನೆಯಲ್ಲಿ ಏನು ನಡೆದಿತ್ತು ಅಂತ ಹೇಳಬಲ್ಲೆ. 59ರ ತಿಂಗಳು ಅಮ್ಮ ಆಸ್ಪತ್ರೆಯಲ್ಲಿದ್ದರು.

ಕೊನೆಗೆ ಕೆಂಪು ಪೆನ್ನಿನಲ್ಲಿ ಎರಡು ಕಡೆ ಸುತ್ತು ಹಾಕಿದೆ.

ಒಂದು, ಒಂದು ಮೊಬೈಲ್ ಫೋನಿನ ಕಂತಿನ ಸಾಲ. 2019ರಲ್ಲೇ ಮುಗಿದಿದ್ದು. ರಿಪೋರ್ಟಿನಲ್ಲಿ ಇನ್ನೂ ಬಾಕಿ ಅಂತ ಇತ್ತು. ಎಷ್ಟು? 590 ರೂಪಾಯಿ! ಯಾವತ್ತೋ ಒಂದು ಕಂತಿನ ದಿನ ಅಕೌಂಟಿನಲ್ಲಿ ದುಡ್ಡಿಲ್ಲದೆ ಬೌನ್ಸ್ ಆಗಿತ್ತಂತೆ. 500 ಚಾರ್ಜು, 90 ಜಿಎಸ್‌ಟಿ. ಆ 590ಕ್ಕೆ ನಾಲ್ಕು ವರ್ಷದಿಂದ ನಾನು ಸಾಲಗಾರ. ಏಜೆನ್ಸಿಯವರು ಈ ಸಾಲಕ್ಕೂ ಡಿಸ್‌ಪ್ಯೂಟ್ ಹಾಕಿದ್ದರು, ಆದರೆ ಬಾಕಿ ಯಾಕಿದೆ ಅಂತ ಸಾಲ ಕೊಟ್ಟವರನ್ನು ಕೇಳಿರಲೇ ಇಲ್ಲ. ನಾನು ಕೇಳಿದೆ, 590 ಕಟ್ಟಿದೆ, ಬಾಕಿ ಇಲ್ಲ ಅನ್ನುವ ನೋ ಡ್ಯೂ ಸರ್ಟಿಫಿಕೇಟ್ ತೆಗೆದುಕೊಂಡೆ, ಅದನ್ನು ಹಿಡಿದುಕೊಂಡು ಡಿಸ್‌ಪ್ಯೂಟ್ ಹಾಕಿದೆ. 24 ದಿನಕ್ಕೆ ‘ಕ್ಲೋಸ್ಡ್’ ಅಂತ ಬಂತು. ಈಗಂತೂ ದೂರು ಕೊಟ್ಟ 30 ದಿನದಲ್ಲಿ ಸರಿಮಾಡದಿದ್ದರೆ ಆಮೇಲಿನ ಪ್ರತಿ ದಿನಕ್ಕೂ ನಮಗೆ 100 ರೂಪಾಯಿ ಕೊಡಬೇಕು ಅಂತ ನಿಯಮ ಬಂದಿದೆ, 2024ರ ಏಪ್ರಿಲ್‌ನಿಂದ. ಅದಕ್ಕೂ ಬಗ್ಗದಿದ್ದರೆ ಇಂಥ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್ ಇದ್ದಾರೆ, ಅದೂ ಫ್ರೀ. ನನಗೆ ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಿಲ್ಲ.

ಎರಡನೆಯದು ಆ ‘ಸೆಟಲ್ಡ್’. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಎಷ್ಟೋ ಜನ ಎಡವುವುದು ಇಲ್ಲೇ. ಬ್ಯಾಂಕು 74ರಲ್ಲಿ 40 ತೆಗೆದುಕೊಂಡು ನಿಮ್ಮನ್ನು ಬಿಟ್ಟರೆ ನಿಮ್ಮ ಲೆಕ್ಕದಲ್ಲಿ ಸಾಲ ತೀರಿತು. ರಿಪೋರ್ಟಿನ ಲೆಕ್ಕದಲ್ಲಿ ‘ಇವನು ಪೂರ್ತಿ ಕೊಡಲಿಲ್ಲ’ ಅಂತ ಬರೆದಿಟ್ಟ ಹಾಗೆ. ‘ಕ್ಲೋಸ್ಡ್’ ಬೇರೆ, ‘ಸೆಟಲ್ಡ್’ ಬೇರೆ. ಮುಂದೆ ಸಾಲ ಕೊಡುವವನು ಮೊದಲು ನೋಡುವುದು ಅದನ್ನೇ. ಹಾಗಂತ ಸೆಟಲ್ಮೆಂಟ್ ಮಾಡಿಕೊಂಡವರು ಪಾಪ ಮಾಡಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಆ ಹೊತ್ತಿಗೆ ಉಸಿರಾಡಬೇಕಲ್ಲ, ಉಸಿರಾಡಿದೆವು.

ಬಿಟ್ಟ 34 ಸಾವಿರವನ್ನೂ ಕಟ್ಟಿಬಿಡೋಣ ಅಂತ ತೀರ್ಮಾನ ಮಾಡಿದೆ. ಆದರೆ ಕಟ್ಟುವುದೇ ಒಂದು ಸಾಹಸ ಆಯಿತು. ಬ್ರಾಂಚಿಗೆ ಹೋದರೆ, ‘ಸೆಟಲ್ ಆಗಿರೋ ಅಕೌಂಟಿಗೆ ಯಾಕೆ ಸರ್ ದುಡ್ಡು ಕಟ್ತೀರಾ?’ ಅಂತ ಅವರೇ ನನ್ನನ್ನು ಕೇಳುತ್ತಾರೆ. ಸಾಲ ವಸೂಲಿಗೆ ಬಾಗಿಲಿಗೆ ಜನ ಕಳಿಸಿದ್ದವರು, ಈಗ ದುಡ್ಡು ಹಿಡಿದು ಕೌಂಟರಿನ ಮುಂದೆ ನಿಂತರೆ ಯಾವ ಅಕೌಂಟಿಗೆ ಹಾಕುವುದು ಅಂತ ಗೊತ್ತಿಲ್ಲ. ಮೂರು ಸಲ ಓಡಾಡಿದೆ, ಕಾರ್ಡ್ ವಿಭಾಗಕ್ಕೆ ಎರಡು ಇ-ಮೇಲ್ ಹಾಕಿದೆ. ಕೊನೆಗೆ ಒಬ್ಬರು, ‘ಬಾಕಿ ಪೂರ್ತಿ ಕಟ್ಟಿದರೆ ಕ್ಲೋಸ್ಡ್ ಅಂತ ಅಪ್‌ಡೇಟ್ ಮಾಡುತ್ತೇವೆ’ ಅಂತ ಬರೆದು ಕಳಿಸಿದರು. ಆ ಬರಹ ಕೈಗೆ ಬರುವವರೆಗೆ ನಾನು ಒಂದು ರೂಪಾಯಿ ಕಟ್ಟಲಿಲ್ಲ. ನೀವೂ ಹಾಗೇ ಮಾಡಿ. ಬಾಯಿಮಾತಿಗೆ ಕಟ್ಟಬೇಡಿ.

34 ಸಾವಿರ ಎಲ್ಲಿಂದ ಬಂತು ಅಂದರೆ, ಚೀಟಿ ಎತ್ತಿದೆ. ನಮ್ಮ ಬೀದಿಯ ಚೀಟಿಯನ್ನು ನಾನು ಒಂಬತ್ತು ವರ್ಷದಿಂದ ಒಂದು ತಿಂಗಳೂ ತಪ್ಪದೆ ಕಟ್ಟುತ್ತಿದ್ದೇನೆ. ಊರಿನ ಪತ್ತಿನ ಸಹಕಾರ ಸಂಘದಲ್ಲಿ ಎರಡು ಸಲ ಸಾಲ ತೆಗೆದು ನಿಯತ್ತಾಗಿ ತೀರಿಸಿದ್ದೇನೆ. ಅದ್ಯಾವುದೂ ನನ್ನ ನಾಲ್ಕು ರಿಪೋರ್ಟಿನಲ್ಲಿ ಒಂದರಲ್ಲೂ ಇರಲಿಲ್ಲ. ಊರಿಗೆಲ್ಲ ಗೊತ್ತಿರುವ ನನ್ನ ನಿಯತ್ತು ಆ ಕಂಪ್ಯೂಟರಿಗೆ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಆ 590 ಮಾತ್ರ. ಇದು ನನಗೆ ಈಗಲೂ ಹೊಟ್ಟೆ ಉರಿಸುವ ವಿಷಯ.

ಈಗ ಎಫ್‌ಡಿ ಕಾರ್ಡು.

ಹಳೇ ಗಾಯ ಮುಚ್ಚಿದ ಮೇಲೆ ಹೊಸದಾಗಿ ‘ಇವನು ಸರಿಯಾಗಿ ಕಟ್ಟುತ್ತಾನೆ’ ಅಂತ ತೋರಿಸಬೇಕು. ಅದಕ್ಕೆ ಯಾರಾದರೂ ಸಾಲ ಕೊಡಬೇಕು. 542 ಇದ್ದವನಿಗೆ ಯಾರು ಕೊಡುತ್ತಾರೆ? ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಎಫ್‌ಡಿ ಕಾರ್ಡು ಈ ಗಂಟನ್ನು ಸಲೀಸಾಗಿ ಬಿಡಿಸುತ್ತದೆ. ನಿಮ್ಮದೇ ದುಡ್ಡನ್ನು ಬ್ಯಾಂಕಿನಲ್ಲಿ ಠೇವಣಿ ಇಡುತ್ತೀರಿ. ಅದನ್ನು ಅಡವಾಗಿಟ್ಟುಕೊಂಡು ಬ್ಯಾಂಕು ಕಾರ್ಡು ಕೊಡುತ್ತದೆ. ನೀವು ಬಿಲ್ ಕಟ್ಟದಿದ್ದರೆ ಎಫ್‌ಡಿ ಮುರಿದುಕೊಳ್ಳುತ್ತದೆ, ಹಾಗಾಗಿ ಅವರಿಗೆ ಭಯ ಇಲ್ಲ. ಸ್ಯಾಲರಿ ಸ್ಲಿಪ್ ಕೇಳಲಿಲ್ಲ, ಐಟಿ ರಿಟರ್ನ್ ಕೇಳಲಿಲ್ಲ. ಬಿಲ್ ಕಟ್ಟಿದ್ದು ಮಾತ್ರ ಬೇರೆ ಎಲ್ಲ ಕ್ರೆಡಿಟ್ ಕಾರ್ಡಿನ ಹಾಗೇ ರಿಪೋರ್ಟಿಗೆ ಹೋಗುತ್ತದೆ.

2024ರ ಜನವರಿಯಲ್ಲಿ 25 ಸಾವಿರ ಎಫ್‌ಡಿ ಇಟ್ಟೆ. ನನ್ನ ಬ್ಯಾಂಕಿನಲ್ಲಿ ಎಫ್‌ಡಿಯ 90 ಪರ್ಸೆಂಟ್ ಲಿಮಿಟ್, ಅಂದರೆ 22,500. ಬೇರೆ ಬೇರೆ ಬ್ಯಾಂಕಿನಲ್ಲಿ ಬೇರೆ ಬೇರೆ ಇರುತ್ತದೆ, ವಿಚಾರಿಸಿ. ಎಫ್‌ಡಿಗೆ ಬಡ್ಡಿ ಮಾಮೂಲಿನಂತೆ ಬರುತ್ತದೆ. ಕಾರ್ಡು ಇರುವವರೆಗೆ ಮಾತ್ರ ಅದನ್ನು ಮುರಿಯುವ ಹಾಗಿಲ್ಲ.

ಕಿರಿಕಿರಿ ಇಲ್ಲ ಅಂತಲ್ಲ. ಬ್ರಾಂಚಿನ ಹುಡುಗನಿಗೆ ಇಂಥ ಕಾರ್ಡು ಇದೆ ಅನ್ನುವುದೇ ಗೊತ್ತಿರಲಿಲ್ಲ. ಎಫ್‌ಡಿ ಅಂದ ತಕ್ಷಣ ಡ್ರಾಯರಿನಿಂದ ಇನ್ಶೂರೆನ್ಸ್ ಫಾರಂ ತೆಗೆದ. ನಾನು ಬೇಡ ಅಂದೆ, ಅವನು ಇನ್ನೊಂದು ತೆಗೆದ. ‘ಲೈಫ್ ಟೈಮ್ ಫ್ರೀ’ ಅಂದಿದ್ದರು, ಮೊದಲ ಬಿಲ್ಲಿನಲ್ಲೇ ವಾರ್ಷಿಕ ಶುಲ್ಕ ಬಂತು. ಫೋನ್ ಮಾಡಿ ಜಗಳ ಆಡಿದ ಮೇಲೆ ವಾಪಸ್ ಹಾಕಿದರು. ಆ ಜಗಳ ಆಡಲು ಕಸ್ಟಮರ್ ಕೇರಿನಲ್ಲಿ ಕನ್ನಡಕ್ಕೆ ಒತ್ತುವ ನಂಬರ್ ಒತ್ತಿ 11 ನಿಮಿಷ ಹಾಡು ಕೇಳಬೇಕಾಯಿತು, ಆಮೇಲೆ ಬಂದವರು ಹಿಂದಿಯಲ್ಲಿ ಮಾತಾಡಿದರು. ಆ್ಯಪ್ ಮಾತ್ರ ಚೆನ್ನಾಗಿದೆ. ಬಿಲ್ ಬಂದಿದ್ದು, ಕಟ್ಟಿದ್ದು ತಕ್ಷಣ ಕಾಣುತ್ತದೆ.

ಕಾರ್ಡು ಬಂದ ಮೇಲೆ ಹೆಂಡತಿ ಅದನ್ನು ತನ್ನ ಕೈಗೆ ತೆಗೆದುಕೊಂಡಳು. ‘ನಿಮ್ಮ ಪರ್ಸಿನಲ್ಲಿ ಇರೋದು ಬೇಡ ರೀ,’ ಅಂದಳು. ಅವಳ ಬಳೆ ಆಗತಾನೇ ಬಿಡಿಸಿಕೊಂಡು ಬಂದಿದ್ದೆವು, ಎದುರು ಮಾತಾಡುವ ಮುಖ ನನಗಿರಲಿಲ್ಲ. ಅಡುಗೆಮನೆಯ ಸಾಸಿವೆ ಡಬ್ಬಿಯ ಹಿಂದೆ ಇಟ್ಟಳು. ಕಾರ್ಡಿನಲ್ಲಿ ಎರಡೇ ಖರ್ಚು ಅಂತ ಇಬ್ಬರೂ ಮಾತಾಡಿಕೊಂಡೆವು: ಅಂಗಡಿಯ ಕರೆಂಟ್ ಬಿಲ್ಲು, ಸ್ಕೂಟರಿನ ಪೆಟ್ರೋಲು. ಹೇಗಿದ್ದರೂ ಮಾಡುವ ಖರ್ಚು. ಬಿಲ್ ಬಂದ ದಿನವೇ ಪೂರ್ತಿ ಕಟ್ಟುವುದು. ಎಟಿಎಂನಲ್ಲಿ ಕಾರ್ಡು ಹಾಕಿ ದುಡ್ಡು ತೆಗೆಯುವ ಮಾತೇ ಇಲ್ಲ, ಅದಕ್ಕೆ ತೆಗೆದ ದಿನದಿಂದಲೇ ಬಡ್ಡಿ.

ಒಂದು ತಪ್ಪು ಮಾಡಿದೆ, ಹೇಳಿಬಿಡುತ್ತೇನೆ. ಆ ವರ್ಷ ಮೇ ತಿಂಗಳಿನಲ್ಲಿ ಸೀಸನ್ ಜೋರಿತ್ತು. ಸುಲ್ತಾನ್‌ಪೇಟೆಯಲ್ಲಿ ಖಾಲಿ ಕಾರ್ಡು ತಂದ 18 ಸಾವಿರದ ಬಿಲ್ಲನ್ನು ಇದರಲ್ಲಿ ಹಾಕಿದೆ. ಕೊನೇ ತಾರೀಖಿಗಿಂತ ಮುಂಚೆಯೇ ಪೂರ್ತಿ ಕಟ್ಟಿದೆ, ಒಂದು ಪೈಸೆ ಬಡ್ಡಿ ಬೀಳಲಿಲ್ಲ. ಆದರೂ ಮುಂದಿನ ಸಲ ನೋಡಿದರೆ ಸ್ಕೋರು 20 ಪಾಯಿಂಟ್ ಇಳಿದಿತ್ತು. ತಲೆ ಕೆಟ್ಟುಹೋಯಿತು. ಸರಿಯಾಗಿ ಕಟ್ಟಿದವನಿಗೂ ಶಿಕ್ಷೆಯಾ? ಆಮೇಲೆ ಅರ್ಥ ಆಯಿತು. ನಾನು ಕಟ್ಟುವ ಮೊದಲೇ ಬಿಲ್ಲಿನ ಬಾಕಿ ರಿಪೋರ್ಟಿಗೆ ಹೋಗಿತ್ತು. 22,500ರಲ್ಲಿ 18 ಸಾವಿರ ಅಂದರೆ 80 ಪರ್ಸೆಂಟ್. ‘ಇವನು ಮತ್ತೆ ಕೊರಳುಮಟ್ಟ ಮುಳುಗಿದ್ದಾನೆ’ ಅಂತ ಅದಕ್ಕೆ ಕಾಣುತ್ತದೆ. ಲಿಮಿಟ್ಟಿನ 30 ಪರ್ಸೆಂಟಿಗಿಂತ ಕೆಳಗಿರಲಿ ಅಂತ ಹೇಳುವುದು ಇದಕ್ಕೇ. ಆಮೇಲಿಂದ ಜಾಸ್ತಿ ಖರ್ಚು ಬಿದ್ದ ತಿಂಗಳು ಬಿಲ್ ಆಗುವ ಮೊದಲೇ ಸ್ವಲ್ಪ ಕಟ್ಟಿಬಿಡುತ್ತೇನೆ. ಮುಂದಿನ ತಿಂಗಳು ಇಳಿದಿದ್ದು ವಾಪಸ್ ಬಂತು.

ಇನ್ನೊಂದು ಸಲ ಯುಗಾದಿ ಗಲಾಟೆಯಲ್ಲಿ ಕೊನೇ ತಾರೀಖು ಮರೆತೇ ಹೋಗಿತ್ತು. ಎರಡು ದಿನ ತಡ. ಎದೆ ಧಸಕ್ ಅಂತು. ಆದರೆ ಮೂರು ದಿನಕ್ಕಿಂತ ಜಾಸ್ತಿ ತಡವಾದರೆ ಮಾತ್ರ ಬಾಕಿ ಅಂತ ಬರೆಯಬೇಕು, ದಂಡವನ್ನೂ ಆಗಲೇ ಹಾಕಬೇಕು ಅಂತ ಕ್ರೆಡಿಟ್ ಕಾರ್ಡಿಗೆ ಆರ್‌ಬಿಐ ನಿಯಮ ಇದೆ. ಬಚಾವಾದೆ. ಆವತ್ತೇ ಆಟೋ ಡೆಬಿಟ್ ಹಾಕಿಸಿದೆ, ಮಿನಿಮಮ್‌ಗಲ್ಲ, ಪೂರ್ತಿ ಮೊತ್ತಕ್ಕೆ. ಆ ಫಾರಂನಲ್ಲಿ ಎರಡಕ್ಕೂ ಪಕ್ಕಪಕ್ಕದಲ್ಲೇ ಟಿಕ್ ಹಾಕುವ ಜಾಗ ಇರುತ್ತದೆ, ನೋಡಿಕೊಂಡು ಹಾಕಿ.

ಸ್ಕೋರು ಹೇಗೆ ಏರಿತು ಅಂತ ಎಲ್ಲರೂ ಕೇಳುತ್ತಾರೆ. 590ರದ್ದು, ಸೆಟಲ್ಡ್‌ದು ಎರಡೂ ಸರಿಯಾದ ಮೇಲೆ 588. 2024ರ ಕೊನೆಗೆ 655. ಮುಂದಿನ ವರ್ಷದ ಮಧ್ಯಕ್ಕೆ 702. ನಾಲ್ಕೈದು ತಿಂಗಳು ಅಲ್ಲಾಡದೆ ಕೂತಿದ್ದೂ ಇದೆ. ಆ ತಿಂಗಳುಗಳಲ್ಲಿ ನಾನು ದಿನಾ ನೋಡುತ್ತಿದ್ದೆ, ಕುಕ್ಕರ್ ಯಾವಾಗ ಕೂಗುತ್ತೆ ಅಂತ ಮುಂದೆ ನಿಂತ ಹಾಗೆ. 2025ರ ಜನವರಿಯಿಂದ ಬ್ಯಾಂಕುಗಳು 15 ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕು ಅಂತಾಯಿತು, ಮೊದಲು ತಿಂಗಳಿಗೊಮ್ಮೆ ಇತ್ತು. ಹಾಗಾಗಿ ಈಗ ಕಟ್ಟಿದ್ದು ಸ್ವಲ್ಪ ಬೇಗ ಕಾಣುತ್ತದೆ, ಅಷ್ಟೇ. ದಿನಾ ನೋಡಿ ಪ್ರಯೋಜನ ಇಲ್ಲ. ಒಂದು ಆ್ಯಪ್‌ನಲ್ಲಿ 700, ಇನ್ನೊಂದರಲ್ಲಿ 668 ತೋರಿಸಿದರೂ ಗಾಬರಿ ಬೇಡ, ಅವು ಬೇರೆ ಬೇರೆ ಕಂಪನಿಯ ಸ್ಕೋರು.

ಅಂಗಡಿಗೆ ಬರುವವರು ಕೇಳುವ ಇನ್ನೊಂದೆರಡು ಮಾತು. ಜಾಮೀನು ಹಾಕಿದ್ದೂ ನಮ್ಮ ರಿಪೋರ್ಟಿನಲ್ಲಿ ಬರುತ್ತದಾ? ಬರುತ್ತದೆ. ನಮ್ಮ ಭಾವನ ಟ್ರ್ಯಾಕ್ಟರ್ ಲೋನಿಗೆ ನಾನು ಸಹಿ ಹಾಕಿದ್ದು ನನಗೇ ಮರೆತುಹೋಗಿತ್ತು, ರಿಪೋರ್ಟಿನಲ್ಲಿ ಠೀವಿಯಿಂದ ಕೂತಿತ್ತು. ಭಾವ ಸರಿಯಾಗಿ ಕಟ್ಟುತ್ತಿದ್ದಾರೆ, ಪುಣ್ಯ. ಈಗ ಪ್ರತಿ ಹಬ್ಬಕ್ಕೂ ಮನೆಗೆ ಬಂದಾಗ ‘ಭಾವ, ಕಂತು?’ ಅಂತ ಕೇಳುತ್ತೇನೆ, ಹೋಳಿಗೆ ಹಾಕುವ ಮೊದಲೇ. ಎರಡನೆಯದು, ಎಫ್‌ಡಿ ಇಡುವಷ್ಟು ದುಡ್ಡೂ ಇಲ್ಲ ಅನ್ನುವವರು. ಅವರಿಗೆ ಈ ಕಾರ್ಡು ಉಪಯೋಗ ಇಲ್ಲ, ಸುಳ್ಳು ಹೇಳಲ್ಲ. ಬ್ಯಾಂಕಿನಲ್ಲಿಟ್ಟ ಒಡವೆ ಸಾಲವೂ ರಿಪೋರ್ಟಿಗೆ ಹೋಗುತ್ತದೆ. ಅದಾಗಲೇ ಇದ್ದರೆ ಅದರ ಬಡ್ಡಿಯನ್ನು ಹೊತ್ತಿಗೆ ಸರಿಯಾಗಿ ಕಟ್ಟಿಕೊಂಡು ಬನ್ನಿ. ಸ್ಕೋರಿಗಾಗಿ ಅಂತಲೇ ಒಡವೆ ಅಡವಿಡಲು ಮಾತ್ರ ಹೋಗಬೇಡಿ.

ಕಾರ್ಡಿಗೆ ನನ್ನ ಮಾರ್ಕು 5ಕ್ಕೆ 4. ಒಂದು ಕಡಿಮೆ ಮಾಡಿದ್ದು ಆ ‘ಲೈಫ್ ಟೈಮ್ ಫ್ರೀ’ಗೆ ಮತ್ತು 11 ನಿಮಿಷದ ಹಾಡಿಗೆ.

ಈ ವರ್ಷದ ಶುರುವಿನಲ್ಲಿ ಮತ್ತೆ ಅದೇ ಬ್ಯಾಂಕಿಗೆ ಹೋದೆ, ಅದೇ ಮೇಡಂ. ಸೆಕೆಂಡ್ ಹ್ಯಾಂಡ್ ಡಿಜಿಟಲ್ ಪ್ರಿಂಟರಿಗೆ ಮುದ್ರಾ ಸಾಲ, ಅಂದರೆ ಸಣ್ಣ ವ್ಯಾಪಾರಿಗಳಿಗೆ ಸರ್ಕಾರಿ ಯೋಜನೆಯಲ್ಲಿ ಕೊಡುವ ಸಾಲ, ಬೇಕು ಅಂದೆ. ಅದರಲ್ಲಿ ಕಿಶೋರ್ ಅನ್ನುವ ವಿಭಾಗದಲ್ಲಿ 50 ಸಾವಿರದ ಮೇಲೆ 5 ಲಕ್ಷದವರೆಗೆ ಸಿಗುತ್ತದೆ, ನಾನು ಕೇಳಿದ್ದು 4. ಮೇಡಂ ಪ್ಯಾನ್ ನಂಬರ್ ಹಾಕಿದರು. ನಾನು ಈ ಸಲ ಮೊದಲು ಹಿಂದೆ ತಿರುಗಿ ಕ್ಯೂನಲ್ಲಿ ಯಾರಿದ್ದಾರೆ ಅಂತ ನೋಡಿದೆ. 741. ಹಳೇ ಲೇಟ್ ಪೇಮೆಂಟಿನ ಬಗ್ಗೆ ಕೇಳಿದರು. ಅಂಗಡಿಯ ಎರಡು ವರ್ಷದ ಲೆಕ್ಕ, ನೋ ಡ್ಯೂ ಸರ್ಟಿಫಿಕೇಟು, ಆ ಕಾರ್ಡಿನವರು ಕಳಿಸಿದ ಪತ್ರ ಎಲ್ಲ ಫೈಲಿನಲ್ಲಿ ಇಟ್ಟುಕೊಂಡೇ ಹೋಗಿದ್ದೆ. ಇಂತಿಷ್ಟೇ ಸ್ಕೋರ್ ಇರಬೇಕು ಅಂತ ಆರ್‌ಬಿಐ ಗೆರೆ ಎಳೆದಿಲ್ಲ, ಅದು ಆಯಾ ಬ್ಯಾಂಕಿನ ಲೆಕ್ಕ. ಮೂರು ವಾರಕ್ಕೆ ಪಾಸಾಯಿತು. ಆ ಪ್ರಿಂಟರಿನಲ್ಲಿ ಮೊದಲು ಹೊಡೆದಿದ್ದು ಮೇಡಂ ತಂಗಿಯ ಲಗ್ನಪತ್ರಿಕೆ, 300 ಪ್ರತಿ.

ಹೋದ ವಾರ ಅಂಗಡಿಯಲ್ಲಿದ್ದಾಗ ಹೊಸ ನಂಬರಿನಿಂದ ಫೋನ್ ಬಂತು. ಬೆಣ್ಣೆಯಂಥ ದನಿ. ‘ಸರ್, ನಿಮ್ಮ ಸಿಬಿಲ್ ಸ್ಕೋರ್ ಕಮ್ಮಿ ಇದೆಯಾ? 90 ದಿನದಲ್ಲಿ...’ ಅಂದ. 741 ಇದೆ ಅಂದೆ. ಒಂದು ಕ್ಷಣ ಸದ್ದಿಲ್ಲ. ಆಮೇಲೆ, ‘ಹಂಗಾದ್ರೆ ಲೋನ್ ಏನಾದ್ರೂ ಬೇಕಾ ಸರ್?’ ಅಂದ.